ರಿಫೈನರಿಯಲ್ಲಿ ಹೊಳೆದ ಐಡಿಯಾ ಯಾರದು?

ಪ್ರಶ್ನೆ: ನಾನು ಶಿರಸಿ ಕಡೆಯವಳು, ವಯಸ್ಸು 28. ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿ ಐದು ವರ್ಷದಿಂದ ಹೊರರಾಜ್ಯದ ಒಂದು ರಿಫೈನರಿಯಲ್ಲಿ ಶಿಫ್ಟ್ ಇಂಜಿನಿಯರ್ ಆಗಿದ್ದೇನೆ. ಪೆಟ್ರೋಲಿನ ಆಕ್ಟೇನ್ (ಇಂಜಿನ್ ನಾಕಿಂಗ್ ತಡೆಯುವ ಗುಣ) ಹೆಚ್ಚಿಸುವ ರಿಫಾರ್ಮರ್ ಯೂನಿಟ್ಟು ನೋಡಿಕೊಳ್ಳುತ್ತೇನೆ. ಒಂದೂವರೆ ವರ್ಷದಿಂದ ಅಲ್ಲಿ ಒಂದು ತೊಂದರೆ ಪದೇ ಪದೇ ಬರುತ್ತಿದೆ. ಅದಕ್ಕೊಂದು ಪರಿಹಾರ ಹೊಳೆದಿದೆ, ವಿವರ ಜೊತೆಗೆ ಕಳಿಸಿದ್ದೇನೆ. ಮ್ಯಾನೇಜರ್‌ಗೆ ಹೇಳಿದರೆ 'ಸಜೆಷನ್ ಬಾಕ್ಸಿಗೆ ಹಾಕಮ್ಮ' ಅಂದರು. ಪೇಟೆಂಟ್ ಮಾಡಿಸಿದರೆ ಅದು ನನ್ನದಾಗುತ್ತದಾ, ಕಂಪನಿಯದಾ? ಗೆಳತಿಯರೆಲ್ಲ ಸಾಫ್ಟ್‌ವೇರ್‌ಗೆ ಹೋದರು. 'ಎಣ್ಣೆ ಕಾಲ ಮುಗೀತು, ಇನ್ನೇನಿದ್ರೂ ಕರೆಂಟ್ ಗಾಡಿ' ಅಂತಾರೆ ಅಪ್ಪ. ಆಕ್ಟೇನ್ ಏರಿಸುವ ಪ್ಲಾಟ್‌ಫಾರ್ಮಿಂಗ್ ವಿಧಾನ ಕಂಡುಹಿಡಿದ ವ್ಲಾಡಿಮಿರ್ ಹೆನ್ಸೆಲ್ ಬಗ್ಗೆ ಓದಿದೆ, ಅವರ ಹೆಸರಲ್ಲಿ 145 ಪೇಟೆಂಟ್ ಇತ್ತಂತೆ. ಈಗಿನ ಕಾಲದಲ್ಲಿ ನನ್ನಂಥವಳಿಗೆ ಅಂಥದ್ದು ಸಾಧ್ಯವಾ? ಕೆಲಸ ಬಿಟ್ಟು ಪಿಎಚ್‌ಡಿ ಮಾಡಲಾ?

ಉತ್ತರ: ಮೊದಲು ಒಂದು ವಿಷಯ. ನೀವು ಜೊತೆಗಿಟ್ಟ ಪುಟಗಳ ಒಂದಕ್ಷರವನ್ನೂ ನಾನಿಲ್ಲಿ ಬರೆಯುವುದಿಲ್ಲ. ಎರಡನೇ ಪುಟದಲ್ಲಿ ನಿಮ್ಮ ಯೂನಿಟ್ಟಿನ ಒತ್ತಡ, ಉಷ್ಣಾಂಶದ ಅಂಕಿಗಳು ಕಂಡವು. ಅಲ್ಲಿಗೇ ಓದುವುದು ನಿಲ್ಲಿಸಿ ಫೈಲ್ ಅಳಿಸಿಬಿಟ್ಟೆ. ಎರಡು ಕಾರಣ. ಆ ಅಂಕಿಗಳು ನಿಮ್ಮ ಕಂಪನಿಯ ಸ್ವತ್ತು, ಹೊರಗೆ ಕಳಿಸುವ ಹಾಗಿಲ್ಲ. ಎರಡನೆಯದು, ಪೇಟೆಂಟ್ ಸಿಗಬೇಕಾದರೆ ಆ ಸಂಗತಿ ಅರ್ಜಿ ಹಾಕುವ ದಿನದವರೆಗೆ ಲೋಕಕ್ಕೆ ಗೊತ್ತಿರಬಾರದು. ಅದನ್ನು ನಾನಿಲ್ಲಿ ಅಚ್ಚು ಹಾಕಿಸಿದರೆ ನಿಮ್ಮ ಪೇಟೆಂಟನ್ನು ನಾನೇ ಕೈಯಾರೆ ಮುಗಿಸಿದ ಹಾಗೆ. ಇನ್ನು ಮುಂದೆ ಯಾರಿಗೂ ಹೀಗೆ ಕಳಿಸಬೇಡಿ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆ ಸೇರಿಕೊಂಡಿವೆ. ಐಡಿಯಾ ಕೈತಪ್ಪುತ್ತದೆಯೇ ಅನ್ನುವುದು ಒಂದು. ಎಣ್ಣೆ ಉದ್ಯಮದಲ್ಲಿ ಹೊಸದೇನಾದರೂ ಉಳಿದಿದೆಯಾ ಅನ್ನುವುದು ಇನ್ನೊಂದು. ಎಲ್ಲಿ ಕೂತು ಕೆಲಸ ಮಾಡಬೇಕು ಅನ್ನುವುದು ಮೂರನೆಯದು. ಪತ್ರದ ತುಂಬ ಮೊದಲನೆಯದೇ ಇದೆ. ನನಗೆ ದೊಡ್ಡದಾಗಿ ಕಾಣುವುದು ಮೂರನೆಯದು. ಯಾಕೆ ಅಂತ ಹೆನ್ಸೆಲ್ ಕಥೆಯಿಂದಲೇ ಹೇಳುತ್ತೇನೆ. ನೀವು ಆ ಕಥೆಯಲ್ಲಿ 145 ಅನ್ನುವ ಅಂಕಿ ನೋಡಿದಿರಿ. ಅದರ ಹಿಂದೆ ಇರುವುದನ್ನೂ ನೋಡಬೇಕು.

ಹೆನ್ಸೆಲ್ ಹುಟ್ಟಿದ್ದು 1914ರಲ್ಲಿ, ಜರ್ಮನಿಯ ಫ್ರೈಬುರ್ಗ್‌ನಲ್ಲಿ. ಬೆಳೆದದ್ದು ಮಾಸ್ಕೋದಲ್ಲಿ. ತಂದೆ ಅರ್ಥಶಾಸ್ತ್ರದ ಪ್ರೊಫೆಸರ್. 1930ರಲ್ಲಿ ಮನೆಯವರೆಲ್ಲ ಅಮೆರಿಕಕ್ಕೆ ಹೋದರು. ಹುಡುಗ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿ, ಎಂಐಟಿಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಎಂ.ಎಸ್. ಮಾಡಿ, 1937ರಲ್ಲಿ ಯೂನಿವರ್ಸಲ್ ಆಯಿಲ್ ಪ್ರಾಡಕ್ಟ್ಸ್ ಸೇರಿದರು. ಅದನ್ನೇ ನಾವು ಯುಒಪಿ ಅನ್ನುವುದು. ಆಗ ಅವರಿಗೆ 22-23 ವಯಸ್ಸು ಅಷ್ಟೆ. ಕೆಲಸದಲ್ಲಿದ್ದುಕೊಂಡೇ, ವ್ಲಾಡಿಮಿರ್ ಇಪಾಟಿಯೆಫ್ ಎಂಬ ರಷ್ಯದ ದೊಡ್ಡ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯದಲ್ಲಿ ದುಡಿದು, 1941ರಲ್ಲಿ ಪಿಎಚ್‌ಡಿ ಪಡೆದರು. 'ಕೆಲಸ ಬಿಡಲಾ' ಅಂತ ಕೇಳಿದಿರಲ್ಲ, ಅವರು ಬಿಡಲಿಲ್ಲ. ಆ ಕಂಪನಿಯಲ್ಲಿ 40 ವರ್ಷಕ್ಕೂ ಜಾಸ್ತಿ ಇದ್ದರು.

ಇನ್ನು ಅವರು ಮಾಡಿದ ಕೆಲಸ. ಇದು ನಿಮ್ಮ ದಿನನಿತ್ಯದ ಯೂನಿಟ್ಟೇ ಆದರೂ ಬೇರೆ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಚ್ಚಾ ಎಣ್ಣೆ ಕಾಯಿಸಿದಾಗ ಬರುವ ನ್ಯಾಫ್ತಾವನ್ನು ನೇರ ಗಾಡಿಗೆ ಹಾಕಿದರೆ ಇಂಜಿನ್ ನಾಕ್ ಹೊಡೆಯುತ್ತದೆ. ಆಗುಂಬೆ ಏರುವಾಗ ಹಳೇ ಗಾಡಿ ಟಕಟಕ ಅಂತ ಸದ್ದು ಮಾಡುತ್ತಿತ್ತು, ಅಲ್ವಾ? ಅದೇ. ಕಿಡಿ ಹಚ್ಚಿದ ಬೆಂಕಿ ತಲುಪುವ ಮೊದಲೇ ಪೆಟ್ರೋಲು ತಾನಾಗಿ ಹೊತ್ತಿಕೊಳ್ಳುವುದರಿಂದ ಹಾಗಾಗುತ್ತದೆ. 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಮತ್ತು ಅವರ ಜೊತೆಗಾರರು ಇದಕ್ಕೊಂದು ಸುಲಭದ ದಾರಿ ಕಂಡರು. ಪೆಟ್ರೋಲಿಗೆ ಚೂರು ಸೀಸದ ಸಂಯುಕ್ತ ಬೆರೆಸಿದರೆ ಸಾಕು, ನಾಕಿಂಗ್ ನಿಲ್ಲುತ್ತಿತ್ತು. ಆದರೆ ಆ ಸೀಸ ಹೊಗೆಯಲ್ಲಿ ಸೇರಿ, ಗಾಳಿಯಲ್ಲಿ ಕಲೆತು, ಮಕ್ಕಳ ರಕ್ತಕ್ಕೆ ಹೋಯಿತು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತಿದ್ದು 2000ದ ಫೆಬ್ರವರಿ 1ರಂದು.

ಸೀಸವಿಲ್ಲದೆ ಆಕ್ಟೇನ್ ಏರಿಸಬೇಕಾದರೆ ನ್ಯಾಫ್ತಾದ ಅಣುಗಳ ಆಕಾರವನ್ನೇ ಬದಲಿಸಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಮಾಲಿಬ್ಡಿನಮ್ ಲೋಹದ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಬಳಸಿ ಹಾಗೆ ಮಾಡುತ್ತಿದ್ದರು. ಆದರೆ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಮಸಿ ಕಟ್ಟುತ್ತಿತ್ತು. ಒಂದು ರಿಯಾಕ್ಟರ್ ನಿಲ್ಲಿಸಿ ಮಸಿ ಸುಡುವುದು, ಅಷ್ಟರಲ್ಲಿ ಇನ್ನೊಂದನ್ನು ಓಡಿಸುವುದು, ಇದೇ ಗೋಳು. ಹೆನ್ಸೆಲ್ ಪ್ಲಾಟಿನಂ ಬಳಸೋಣ ಅಂದರು. ಚಿನ್ನದ ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಮಾರುವ ಲೋಹವನ್ನು ಪೆಟ್ರೋಲ್ ಮಾಡಲು ಟನ್‌ಗಟ್ಟಲೆ ಕ್ಯಾಟಲಿಸ್ಟಿನಲ್ಲಿ ಬಳಸುವುದು ಅಂದರೆ ಯಾರು ಒಪ್ಪುತ್ತಾರೆ? ಅವರ ಜಾಣತನ ಇದ್ದದ್ದು ಇಲ್ಲೇ. ಪ್ಲಾಟಿನಂ ಈ ಕೆಲಸಕ್ಕೆ ಬರುತ್ತದೆಯೇ ಅನ್ನುವುದೊಂದೇ ಪ್ರಶ್ನೆಯಾಗಿರಲಿಲ್ಲ. ಎಷ್ಟು ಕಡಿಮೆ ಸಾಕು, ಎಷ್ಟು ದಿನ ಬಾಳುತ್ತದೆ ಅನ್ನುವುದನ್ನು ಅವರು ಹಿಡಿದು ಕೂತರು. ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್‌ನ ಮೇಲೆ ತೀರಾ ತೆಳುವಾಗಿ ಹರಡಿದರೆ, ನೂರು ಗ್ರಾಂ ಕ್ಯಾಟಲಿಸ್ಟಿಗೆ ಒಂದು ಗ್ರಾಮಿಗಿಂತ ಕಡಿಮೆ ಪ್ಲಾಟಿನಂ ಸಾಕಾಯಿತು. ಹೈಡ್ರೋಜನ್ ಒತ್ತಡದಲ್ಲಿ ಓಡಿಸಿದರೆ ಮಸಿ ಕಟ್ಟುವುದು ನಿಧಾನವಾಗಿ, ಗಂಟೆಗಳ ಬಾಳಿಕೆ ತಿಂಗಳುಗಳಿಗೆ ಏರಿತು. ಕೊನೆಗೆ ಹಳೇ ಕ್ಯಾಟಲಿಸ್ಟ್‌ನಿಂದ ಪ್ಲಾಟಿನಂ ವಾಪಸ್ ತೆಗೆಯಬಹುದು. ಹಾಗಾಗಿ ದುಬಾರಿ ಲೋಹವೇ ಅಗ್ಗವಾಯಿತು.

1949ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರಿನ ಓಲ್ಡ್ ಡಚ್ ರಿಫೈನರಿಯಲ್ಲಿ ಮೊದಲ ಪ್ಲಾಟ್‌ಫಾರ್ಮಿಂಗ್ ಯೂನಿಟ್ ಶುರುವಾಯಿತು. ಪ್ಲಾಟಿನಂ, ರಿಫಾರ್ಮಿಂಗ್ ಎರಡೂ ಸೇರಿ ಆ ಹೆಸರು. ಜೊತೆಗೆ ಇನ್ನೆರಡು ಲಾಭ ಬಂದವು. ಅಣುಗಳು ಉಂಗುರವಾಗುವಾಗ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಇವತ್ತು ಡೀಸೆಲ್‌ನಿಂದ ಗಂಧಕ ತೆಗೆಯಲು ರಿಫೈನರಿಗಳು ಬಳಸುವ ಹೈಡ್ರೋಜನ್‌ನಲ್ಲಿ ಒಂದು ಪಾಲು ಅಲ್ಲಿಂದಲೇ ಬರುತ್ತದೆ. ಇನ್ನೊಂದು, ಬೆಂಜೀನ್, ಟೊಲುಯೀನ್, ಜೈಲೀನ್ ಎಂಬ ರಾಸಾಯನಿಕಗಳು. ಮಂಗಳೂರಿನಲ್ಲಿ ಪ್ಯಾರಾಜೈಲೀನ್ ತಯಾರಾಗುತ್ತದಲ್ಲ, ಅದರ ಬೇರೂ ಇದೇ ರಸಾಯನ. ಪಾಲಿಸ್ಟರ್ ಸೀರೆಯ ನೂಲಿನ ಮೂಲ ಅದು.

ಈಗ ಭ್ರಮೆಗಳ ವಿಷಯಕ್ಕೆ ಬರೋಣ. ಒಬ್ಬ ಜಾಣನ ತಲೆಯಲ್ಲಿ ರಾತ್ರಿ ಏನೋ ಹೊಳೆದು, ಬೆಳಗ್ಗೆ ಪೇಟೆಂಟ್ ಆಗಿ, ಅವನು ಕೋಟ್ಯಧೀಶ ಆಗುತ್ತಾನೆ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಇದೆ. ಎಣ್ಣೆ ಉದ್ಯಮದಲ್ಲಿ ಹಾಗಾಗುವುದಿಲ್ಲ. ಹೆನ್ಸೆಲ್ ಪೇಟೆಂಟ್‌ಗಳಲ್ಲಿ ಕಂಡುಹಿಡಿದವರ ಜಾಗದಲ್ಲಿ ಅವರ ಹೆಸರಿದೆ, ಹಕ್ಕು ಯುಒಪಿಯದು. ಹೆವಿ ಎಣ್ಣೆಯನ್ನು ಒಡೆದು ಪೆಟ್ರೋಲ್ ಮಾಡುವ ಫ್ಲೂಯಿಡ್ ಕ್ಯಾಟಲಿಟಿಕ್ ಕ್ರ್ಯಾಕಿಂಗ್ ತಗೊಳ್ಳಿ. ಮೊದಲ ಯೂನಿಟ್ 1942ರ ಮೇ 25ರಂದು ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಶುರುವಾಯಿತು. ಪೇಟೆಂಟ್‌ನಲ್ಲಿ ಕ್ಯಾಂಬೆಲ್, ಮಾರ್ಟಿನ್, ಮರ್ಫ್ರೀ, ಟೈಸನ್ ಎಂದು ನಾಲ್ಕು ಹೆಸರು. ಅವರ ಹಿಂದೆ ಎಂಐಟಿಯ ಲೂಯಿಸ್ ಮತ್ತು ಗಿಲಿಲೆಂಡ್ ಎಂಬ ಇಬ್ಬರು ಪ್ರೊಫೆಸರ್‌ಗಳು. ಗಾಳಿ ಊದಿದರೆ ಕ್ಯಾಟಲಿಸ್ಟ್ ಪುಡಿ ನೀರಿನ ಹಾಗೆ ಹರಿಯುತ್ತದೆ ಅನ್ನುವುದನ್ನು ಅಷ್ಟು ಜನ ಸೇರಿ ದುಡಿದು ಕಾರ್ಖಾನೆಗೆ ತಂದರು.

ಹೆಸರು ಬೇರೆ, ಹಕ್ಕು ಬೇರೆ ಅನ್ನುವುದನ್ನು ನೀವು ಈಗಲೇ ಮನಸ್ಸಿಗೆ ತಂದುಕೊಳ್ಳಿ. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ನೌಕರರು ಕಂಡುಹಿಡಿದದ್ದು ಯಾರದು ಅಂತ ಹೇಳುವ ಪ್ರತ್ಯೇಕ ನಿಯಮ ಇಲ್ಲ. ಹಾಗಾಗಿ ನೀವು ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದವೇ ಮುಖ್ಯ. ಅಪಾಯಿಂಟ್‌ಮೆಂಟ್ ಆರ್ಡರ್ ಹುಡುಕಿ, ಅದರ ಜೊತೆಗಿದ್ದ ಷರತ್ತುಗಳನ್ನು ನಿಧಾನವಾಗಿ ಓದಿ. 'ಕೆಲಸದ ಅವಧಿಯಲ್ಲಿ ಕಂಡುಹಿಡಿದದ್ದೆಲ್ಲ ಕಂಪನಿಗೆ ಸೇರಿದ್ದು' ಅನ್ನುವ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇದ್ದರೆ ಹಕ್ಕು ಕಂಪನಿಯದು. ಆದರೆ ಕಂಡುಹಿಡಿದವರ ಜಾಗದಲ್ಲಿ ನಿಮ್ಮ ಹೆಸರು ಬರಬೇಕು, ಅದನ್ನು ಕೇಳುವ ಅಧಿಕಾರ ಕಾಯ್ದೆಯಲ್ಲೇ ಇದೆ. ಅದನ್ನು ಬಿಡಬೇಡಿ. ಮುಂದೆ ಎಲ್ಲಿಗೆ ಹೋದರೂ ಆ ಹೆಸರು ನಿಮ್ಮ ಜೊತೆ ಬರುತ್ತದೆ.

ರಾಜೀನಾಮೆ ಕೊಟ್ಟು ಆಮೇಲೆ ಸ್ವಂತ ಹೆಸರಲ್ಲಿ ಅರ್ಜಿ ಹಾಕಿದರೆ ಹೇಗೆ ಅಂತ ನಿಮಗೂ ಅನಿಸಿರಬಹುದು, ಹಲವರು ಕೇಳುತ್ತಾರೆ. ಬೇಡ. ಐಡಿಯಾ ಹುಟ್ಟಿದ್ದು ಅವರ ಯೂನಿಟ್ಟಿನಲ್ಲಿ, ಅವರ ಅಂಕಿಗಳಿಂದ. ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ. ಗೆದ್ದರೂ ಪ್ರಯೋಗ ಮಾಡಲು ರಿಯಾಕ್ಟರ್ ಎಲ್ಲಿದೆ?

ನನ್ನ ತಪ್ಪಿನ ವಿಷಯ ಈಗ ಹೇಳುತ್ತೇನೆ. ನನ್ನದೂ ನಿಮ್ಮದೇ ಥರದ ಯೂನಿಟ್, ಕ್ಯಾಟಲಿಸ್ಟ್ ಸದಾ ಸುತ್ತುತ್ತಲೇ ಇರುವ ಸಿಸಿಆರ್. ಹೊಸ ಕ್ಯಾಟಲಿಸ್ಟ್ ತುಂಬುವ ದಿನ ಕೈಗವಸಿನ ಮೇಲೆ ಒಂದು ಹಿಡಿ ಹಾಕಿಕೊಂಡು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದೂವರೆ ಮಿಲಿಮೀಟರಿನ ದುಂಡು ಕಾಳು, ಥೇಟ್ ರಾಗಿ. ಬಣ್ಣ ಮಾತ್ರ ಬೂದಿ ಬಿಳಿ. ಅಂಗೈ ಓರೆ ಮಾಡಿದರೆ ಒಂದೂ ನಿಲ್ಲದೆ ಜಾರುತ್ತದೆ. ಹಾಗೆ ಜಾರಬೇಕು ಅಂತಲೇ ಅದನ್ನು ಗುಂಡಗೆ ಮಾಡಿರುವುದು. ರಿಯಾಕ್ಟರ್‌ಗಳ ಒಳಗೆ ದಿನಗಟ್ಟಲೆ ನಿಧಾನಕ್ಕೆ ಇಳಿದು, ಕಪ್ಪಗೆ ಮಸಿ ಹಿಡಿದು ಕೆಳಗೆ ಬರುತ್ತದೆ. ಗ್ಯಾಸ್ ಅದನ್ನು ಪೈಪಿನಲ್ಲಿ ಮೇಲಕ್ಕೆ ಎತ್ತುತ್ತದೆ. ಮಸಿ ಸುಟ್ಟುಕೊಂಡು ಮತ್ತೆ ಬಿಳಿಯಾಗಿ ಕೆಲಸಕ್ಕೆ ಇಳಿಯುತ್ತದೆ. ಆ ಎತ್ತುವ ಪೈಪಿನ ತಿರುವಿನಲ್ಲಿ ಕಾಳುಗಳು ಬಡಿದು ಒಡೆದು ಪುಡಿಯಾಗುತ್ತಿದ್ದವು. ಪುಡಿ ಅಂದರೆ ಪ್ಲಾಟಿನಂ ನಷ್ಟ, ಜೊತೆಗೆ ರಿಯಾಕ್ಟರಿನ ಜಾಲರಿ ಕಟ್ಟಿಕೊಳ್ಳುತ್ತದೆ. ನಾನು ಆ ತಿರುವಿಗೆ ಒಂದು ಸಣ್ಣ ಮಾರ್ಪಾಡು ಯೋಚಿಸಿದೆ. ರಿಪೇರಿಗೆ ಯೂನಿಟ್ ನಿಲ್ಲಿಸುವ ಶಟ್‌ಡೌನ್‌ನಲ್ಲಿ ಹಾಕಿಸಿದೆವು, ಪುಡಿ ಕಡಿಮೆಯಾಯಿತು. ಖುಷಿಯಲ್ಲಿ ಒಂದು ಕಾರ್ಯಾಗಾರಕ್ಕೆ ಹೋಗಿ ಸ್ಲೈಡ್ ಸಮೇತ ಎಲ್ಲ ವಿವರಿಸಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ನಾಲ್ಕು ತಿಂಗಳ ಮೇಲೆ ಪೇಟೆಂಟ್ ವಕೀಲರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, 'ಇದನ್ನು ಹೊರಗೆ ಎಲ್ಲಾದರೂ ಹೇಳಿದ್ದೀರಾ?' ಅಲ್ಲಿಗೆ ಮುಗಿಯಿತು. ನನಗೆ ಅವತ್ತು ಊಟ ಸೇರಲಿಲ್ಲ. ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿವೆ, ಅವನ್ನು ನಂಬಿಕೊಂಡು ಮಾತ್ರ ಬಾಯಿ ಬಿಡಬೇಡಿ. ಮೊದಲು ಅರ್ಜಿ, ಆಮೇಲೆ ಭಾಷಣ. ಐಡಿಯಾ ಪೂರ್ತಿ ಮಾಗಿಲ್ಲದಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ ದಿನಾಂಕ ಹಿಡಿದಿಟ್ಟು, 12 ತಿಂಗಳೊಳಗೆ ಪೂರ್ಣ ವಿವರ ಕೊಡುವ ಅವಕಾಶ ಇದೆ.

ಈ ಸುತ್ತುವ ಕ್ಯಾಟಲಿಸ್ಟ್ ವ್ಯವಸ್ಥೆ ಬಂದದ್ದು 1971ರಲ್ಲಿ. ಹೆನ್ಸೆಲ್ ಕೆಲಸವಾಗಿ 22 ವರ್ಷದ ಮೇಲೆ. ಮಧ್ಯೆ 1960ರ ದಶಕದ ಕೊನೆಯಲ್ಲಿ ಪ್ಲಾಟಿನಂ ಜೊತೆ ರೀನಿಯಂ ಎಂಬ ಲೋಹ ಬೆರೆಸಿದರೆ ಬಾಳಿಕೆ ಹೆಚ್ಚುತ್ತದೆ ಅಂತ ಇನ್ನೊಂದು ಕಂಪನಿಯವರು ತೋರಿಸಿದರು. ಹಾಗಾಗಿ 'ಎಲ್ಲ ಕಂಡುಹಿಡಿದು ಆಗಿದೆ' ಅನ್ನುವ ಮಾತು 1949ರಲ್ಲೂ ಸುಳ್ಳಾಗಿತ್ತು, ಈಗಲೂ ಸುಳ್ಳು. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಲ್ಲಿ ಎರಡು ಸಿಸಿಆರ್ ಯೂನಿಟ್‌ಗಳಿವೆ. ನಮ್ಮ ಕರಾವಳಿಯಲ್ಲೇ ಈ ರಾಗಿಕಾಳುಗಳು ಹಗಲೂ ರಾತ್ರಿ ಸುತ್ತುತ್ತಿವೆ.

ನಿಮ್ಮ ತಂದೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಪೆಟ್ರೋಲ್ ಗಾಡಿಗಳ ಪಾಲು ಕುಗ್ಗುತ್ತಾ ಹೋಗುತ್ತದೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈಗ ಬಂದಾಗಿದೆ. ಎಥೆನಾಲ್‌ಗೆ ಆಕ್ಟೇನ್ ತಾನಾಗಿಯೇ ಹೆಚ್ಚು. ಹಾಗಾಗಿ ಆಕ್ಟೇನ್‌ಗಾಗಿ ನಿಮ್ಮ ರಿಫಾರ್ಮರ್ ಮೇಲಿರುವ ಒತ್ತಡವೂ ಬದಲಾಗುತ್ತದೆ. ಆದರೆ ಹೈಡ್ರೋಜನ್ ಬೇಕು, ಪ್ಯಾರಾಜೈಲೀನ್ ಬೇಕು. ವಿಮಾನಗಳನ್ನು ಬ್ಯಾಟರಿಯಲ್ಲಿ ದೂರ ಹಾರಿಸಲು ಸದ್ಯಕ್ಕೆ ಆಗುತ್ತಿಲ್ಲ. 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ಸ್ಪೈಸ್‌ಜೆಟ್ ವಿಮಾನವೊಂದು ಜಟ್ರೋಫಾ ಎಣ್ಣೆಯಿಂದ ಮಾಡಿದ ಇಂಧನ ಬೆರೆಸಿಕೊಂಡು ಹಾರಿತು. ಆ ಇಂಧನ ಮಾಡಿದ್ದು ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ. ಅದಕ್ಕೂ ಬೇಕಾದದ್ದು ಹೈಡ್ರೋಜನ್, ಕ್ಯಾಟಲಿಸ್ಟ್, ರಿಯಾಕ್ಟರ್. ನೀವು ಐದು ವರ್ಷದಿಂದ ಕೈಯಲ್ಲಿ ಹಿಡಿದಿರುವ ವಿದ್ಯೆಯೇ ಅದು. ಇದನ್ನು ಅಪ್ಪನಿಗೆ ತೋರಿಸಿ.

ಎಲ್ಲಿ ಕೂತು ಕೆಲಸ ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ. ಹೆನ್ಸೆಲ್ ಪ್ರತಿಭಾವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಎಲ್ಲಿದ್ದರು ನೋಡಿ. ಯುಒಪಿ ಪೆಟ್ರೋಲ್ ಮಾರುವ ಕಂಪನಿ ಅಲ್ಲ. ಪೆಟ್ರೋಲ್ ಮಾಡುವ ವಿಧಾನವನ್ನು ಮಾರುವ ಕಂಪನಿ. ಹೊಸ ವಿಧಾನವೇ ಅವರ ಸರಕು. ರಿಫೈನರಿಗೆ ಹಾಗಲ್ಲ. ಅಲ್ಲಿ ಒಂದು ದಿನ ಯೂನಿಟ್ ನಿಂತರೆ ಕೋಟಿಗಳ ಲೆಕ್ಕ. ನಿಮ್ಮ ಮ್ಯಾನೇಜರ್ 'ಬಾಕ್ಸಿಗೆ ಹಾಕಮ್ಮ' ಅಂದಿದ್ದು ಕೆಟ್ಟ ಮನಸ್ಸಿನಿಂದ ಇರಲಾರದು. ಓಡುತ್ತಿರುವ ಯೂನಿಟ್ಟಿಗೆ ಕೈ ಹಾಕಲು ಅವರಿಗೆ ಭಯ. ಆ ಭಯ ಸುಮ್ನೆ ಅಲ್ಲ.

1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಏನಾಯಿತು ಅಂತ ನೀವು ಓದಿರುತ್ತೀರಿ. ನೈಲಾನ್‌ಗೆ ಬೇಕಾದ ರಾಸಾಯನಿಕದ ಕಾರ್ಖಾನೆ, ಸಾಲಾಗಿ ಆರು ರಿಯಾಕ್ಟರ್. ಐದನೆಯದು ಬಿರುಕು ಬಿಟ್ಟಿತು. ಅದನ್ನು ತೆಗೆದು ನಾಲ್ಕಕ್ಕೂ ಆರಕ್ಕೂ ನಡುವೆ 20 ಇಂಚಿನ ಪೈಪ್ ಜೋಡಿಸಿದರು. ಅದರ ನಕ್ಷೆ ಬರೆದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಎರಡು ತಿಂಗಳು ಓಡಿತು. ಆಮೇಲೆ ಪೈಪ್ ಹರಿಯಿತು, ಸೈಕ್ಲೋಹೆಕ್ಸೇನ್ ಮೋಡವಾಗಿ ಹರಡಿ ಹೊತ್ತಿತು. 28 ಜನ ಹೋದರು. ಹಾಗಾಗಿ, ರಾತ್ರಿ ಪಾಳಿಯಲ್ಲಿ ಯಾರಿಗೂ ಹೇಳದೆ ಒಂದು ವಾಲ್ವ್ ತಿರುಗಿಸಿ ನಿಮ್ಮ ಐಡಿಯಾ ನೋಡಿಬಿಡೋಣ ಅನ್ನಿಸಿದರೆ, ದಯವಿಟ್ಟು ಬೇಡ. ಮಾರ್ಪಾಡಿಗೆ ನಿಮ್ಮಲ್ಲಿರುವ ಅನುಮತಿ ಪದ್ಧತಿ, ಅಪಾಯಗಳನ್ನು ಮೊದಲೇ ಹುಡುಕುವ ಹ್ಯಾಝಾಪ್ ಸಭೆ, ಎಲ್ಲ ತಡ ಮಾಡುತ್ತವೆ ನಿಜ. ಆ ತಡದಲ್ಲಿ ಜನ ಬದುಕಿಕೊಳ್ಳುತ್ತಾರೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಅಲ್ಲೇ ಇದ್ದು ಈ ಐಡಿಯಾವನ್ನು ಕ್ರಮವಾಗಿ ಮುಂದೆ ತಳ್ಳುವುದು. ಸಜೆಷನ್ ಬಾಕ್ಸಿಗೆ ಹಾಕುವ ಮೊದಲು ಟೆಕ್ನಿಕಲ್ ಸರ್ವಿಸಸ್‌ನವರ ಜೊತೆ ಕೂತು ಮಾತಾಡಿ, ನಿಮ್ಮ ಕಂಪನಿಯಲ್ಲಿ ಪೇಟೆಂಟ್ ನೋಡುವ ವಿಭಾಗ ಇದೆಯೇ ಕೇಳಿ. ಇದ್ದರೆ ಆವಿಷ್ಕಾರ ತಿಳಿಸುವ ಫಾರಂ ಇರುತ್ತದೆ, ಅದನ್ನೇ ತುಂಬಿ. ಇದರಲ್ಲಿ ಕಷ್ಟ ಏನೆಂದರೆ ಶಿಫ್ಟ್ ಕೆಲಸದ ದಣಿವು, ಜೊತೆಗೆ ಬಡ್ತಿ ಬಂದ ಹಾಗೆ ನೀವು ಯೂನಿಟ್ಟಿನಿಂದಲೇ ದೂರ ಹೋಗುತ್ತೀರಿ.

ಎರಡನೆಯದು ಸಂಶೋಧನಾ ಕೇಂದ್ರ ಸೇರುವುದು. ಇಂಡಿಯನ್ ಆಯಿಲ್‌ನ ಕೇಂದ್ರ ಫರೀದಾಬಾದ್‌ನಲ್ಲಿದೆ. ಹೆವಿ ಎಣ್ಣೆಯನ್ನು ಒಡೆಯುವ ಅವರ ಇಂಡ್‌ಮ್ಯಾಕ್ಸ್ ವಿಧಾನ ಪಾರಾದೀಪ್ ರಿಫೈನರಿಯಲ್ಲಿ ದೊಡ್ಡ ಮಟ್ಟದಲ್ಲಿ ನಡೆಯುತ್ತಿದೆ, ನಮ್ಮವರೇ ಮಾಡಿದ್ದು ಅದು. ಬೆಂಗಳೂರಿನ ಹೊಸಕೋಟೆ ಕಡೆ ದೇವನಗೊಂದಿಯಲ್ಲಿ ಎಚ್‌ಪಿಸಿಎಲ್ ಕೇಂದ್ರ ಇದೆ, ದೇವನಹಳ್ಳಿ ಕಡೆ ಶೆಲ್ ಕೇಂದ್ರ ಇದೆ. ಮನೆಗೂ ಹತ್ತಿರ. ಪ್ಲಾಂಟ್ ಓಡಿಸಿ ಬಂದವರು ಇಂಥ ಕಡೆ ಕಡಿಮೆ, ನಿಮ್ಮ ಐದು ವರ್ಷಕ್ಕೆ ಅಲ್ಲಿ ಬೆಲೆ ಇದೆ. ಆದರೆ ಮಾಡಿದ ಹತ್ತು ಕೆಲಸದಲ್ಲಿ ಎಂಟು ಕಾರ್ಖಾನೆ ಮುಖ ನೋಡುವುದಿಲ್ಲ. ಅದಕ್ಕೆ ಮನಸ್ಸು ಗಟ್ಟಿ ಇರಬೇಕು.

ಪಿಎಚ್‌ಡಿ ಮೂರನೆಯದು. ನಾಲ್ಕೈದು ವರ್ಷ, ಕಡಿಮೆ ದುಡ್ಡು. 'ಆವಿಷ್ಕಾರ ಮಾಡಬೇಕಾದರೆ ಪಿಎಚ್‌ಡಿ ಬೇಕೇ ಬೇಕು' ಅನ್ನುವುದು ಸುಳ್ಳು, ಆದರೆ ಕ್ಯಾಟಲಿಸ್ಟ್ ಒಳಗಿನ ರಸಾಯನವನ್ನೇ ಬದಲಿಸುವ ಆಸೆ ಇದ್ದರೆ ಅದಿಲ್ಲದೆ ಕಷ್ಟ. ಪೈಪು, ವಾಲ್ವು, ಹರಿವು, ಉಷ್ಣಾಂಶ ಇವುಗಳ ಕಡೆ ಒಲವಿದ್ದರೆ ಎಂ.ಟೆಕ್ ಸಾಕು. ನಿಮ್ಮ ಪುಟದಲ್ಲಿ ನಾನು ಓದಿದಷ್ಟರಲ್ಲಿ ನಿಮ್ಮ ಒಲವು ಎರಡನೇ ಬಗೆಯದು ಅನಿಸಿತು. ಸಾಫ್ಟ್‌ವೇರ್‌ಗೆ ಹೋಗುವುದನ್ನು ತಪ್ಪು ಅನ್ನಲಾರೆ, ಸಂಬಳ ಕಾರಣವಾದರೆ ಅದೂ ನ್ಯಾಯವೇ. ಒಂದೂವರೆ ವರ್ಷ ಒಂದೇ ತೊಂದರೆಯ ಬೆನ್ನು ಹತ್ತಿದವರು ಅಲ್ಲಿ ಸುಖವಾಗಿರುತ್ತಾರೋ ಇಲ್ಲವೋ, ಅದನ್ನು ನೀವೇ ಯೋಚಿಸಬೇಕು.

ನನ್ನನ್ನು ಕೇಳಿದರೆ, ಈಗಲೇ ರಾಜೀನಾಮೆ ಬೇಡ. ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ತಗೊಳ್ಳಿ, ಹಾಳೆ ಕಿತ್ತರೆ ಗೊತ್ತಾಗುವಂಥದ್ದು. ಪುಟಗಳಿಗೆ ನಂಬರ್ ಹಾಕಿ. ತೊಂದರೆ ಮೊದಲು ಯಾವತ್ತು ಕಂಡಿತು, ಏನು ಹೊಳೆಯಿತು, ಯಾಕೆ ಕೆಲಸ ಮಾಡಬಹುದು, ಯಾಕೆ ಮಾಡದಿರಬಹುದು, ಎಲ್ಲ ದಿನಾಂಕ ಹಾಕಿ ಬರೆಯಿರಿ. ನೋಟ್‌ಬುಕ್ ಕಂಪನಿಯಲ್ಲೇ ಇರಲಿ. ವಾರಕ್ಕೊಮ್ಮೆ ಜೊತೆಯ ಒಬ್ಬ ಇಂಜಿನಿಯರ್ ಕೈಲಿ ಓದಿಸಿ ಸಹಿ ಹಾಕಿಸಿ. ಜೊತೆಗೆ ಯೂನಿಟ್ ನಡೆಸುವ ಕಂಪ್ಯೂಟರ್ ವ್ಯವಸ್ಥೆಯಾದ ಡಿಸಿಎಸ್‌ನಿಂದ ಮೂರು ತಿಂಗಳ ಟ್ರೆಂಡ್, ಅಂದರೆ ಅಂಕಿಗಳ ಏರಿಳಿತ, ತೆಗೆದು, ನೀವು ಹೇಳುವ ಕಾರಣ ಬಿಟ್ಟು ಬೇರೆ ಕಾರಣದಿಂದಲೂ ಆ ತೊಂದರೆ ಬರಬಹುದೇ ಅಂತ ನೋಡಿ. ಉದಾಹರಣೆಗೆ, ನ್ಯಾಫ್ತಾದಲ್ಲಿ ಗಂಧಕ ಅಥವಾ ನೀರಿನಂಶ ಹೆಚ್ಚಾದ ದಿನಗಳಿಗೂ ಅದಕ್ಕೂ ಹೊಂದುತ್ತದೆಯೇ? ಲ್ಯಾಬ್ ರಿಪೋರ್ಟ್ ಜೊತೆ ಇಟ್ಟು ಹೋಲಿಸಿ. ಮ್ಯಾನೇಜರ್ ಹತ್ತಿರ ಎರಡನೇ ಸಲ ಹೋಗುವಾಗ ಆ ಟ್ರೆಂಡ್ ಕಾಗದ ಕೈಯಲ್ಲಿರಲಿ. ಮುಂದಿನ ಶಟ್‌ಡೌನ್ ಯಾವಾಗ ಅಂತಲೂ ಕೇಳಿಕೊಂಡು ಬನ್ನಿ. ಅದರ ಕೆಲಸದ ಪಟ್ಟಿ ತಿಂಗಳುಗಟ್ಟಲೆ ಮುಂಚೆಯೇ ಮುಚ್ಚಿಹೋಗುತ್ತದೆ.